ಎಲೆಕ್ಟ್ರಿಕ್ ಪಿಕಪ್‌ಗೆ ಅಡ್ವಾನ್ಸ್ ಕಟ್ಟುವ ಮುಂಚೆ ಹಾಕಬೇಕಾದ ಲೆಕ್ಕ

ಹೊಸ ಎಲೆಕ್ಟ್ರಿಕ್ ಪಿಕಪ್ ಅನಾವರಣದ ದಿನ ವೇದಿಕೆಯ ಪರದೆ ಮೇಲೆ ಬರುವ ಅಂಕಿಗಳಿಗೆ ಯಾರ ಸಹಿಯೂ ಇರುವುದಿಲ್ಲ. ಅದೇ ಗಾಡಿ ಶೋರೂಮಿಗೆ ಬಂದಾಗ ಗಾಜಿಗೆ ಅಂಟಿಸಿದ ಚೀಟಿಯಲ್ಲಿನ ರೇಂಜ್ (ಒಮ್ಮೆ ಪೂರ್ತಿ ಚಾರ್ಜ್ ಮಾಡಿದರೆ ಹೋಗುವ ದೂರ), ಬಾಗಿಲ ಪಟ್ಟಿಯ ಸ್ಟಿಕ್ಕರಿನಲ್ಲಿನ ತೂಕ, ಷೇರುದಾರರಿಗೆ ಕೊಡುವ ವರದಿಯ ಸಾಲು, ಇವಕ್ಕೆಲ್ಲ ಸಹಿ ಇರುತ್ತದೆ. ಸುಳ್ಳಾದರೆ ಯಾರಾದರೂ ಉತ್ತರ ಕೊಡಬೇಕಾಗುತ್ತದೆ. ಪರದೆಯ ಅಂಕಿಯಿಂದ ಸಹಿಯ ಅಂಕಿಗೆ ಬರುವಷ್ಟರಲ್ಲಿ ಎಷ್ಟು ಕರಗುತ್ತದೆ ಎಂಬುದನ್ನು ಮನೆಯಲ್ಲೇ ಕೂತು ಅಂದಾಜು ಮಾಡಬಹುದು. ಬೇಕಾಗುವುದು ಫೋನಿನ ಕ್ಯಾಲ್ಕುಲೇಟರ್, ಒಂದು ಹಾಳೆ, ಅರ್ಧ ಗಂಟೆ.

ಎಷ್ಟು ಕರಗಬಹುದು ಎಂಬುದಕ್ಕೆ ಟೆಸ್ಲಾದ ಸೈಬರ್‌ಟ್ರಕ್ ಒಳ್ಳೆಯ ಉದಾಹರಣೆ. 2019ರ ನವೆಂಬರ್ 21ರಂದು ಹೇಳಿದ್ದು: ಆರಂಭಿಕ ಬೆಲೆ 39,900 ಡಾಲರ್, ಮೂರು ಮೋಟಾರಿನದಕ್ಕೆ 69,900 ಡಾಲರ್, 500 ಮೈಲಿಗೂ ಮಿಕ್ಕ ರೇಂಜ್, 14,000 ಪೌಂಡ್ ಎಳೆಯುವ ಶಕ್ತಿ, 3,500 ಪೌಂಡ್ ಲೋಡ್. 2023ರ ನವೆಂಬರ್ 30ರಂದು ಗಾಡಿ ಕೈಗೆ ಸಿಗತೊಡಗಿದಾಗ ಎರಡು ಮೋಟಾರಿನದಕ್ಕೆ 79,990 ಡಾಲರ್, ಮೂರು ಮೋಟಾರಿನದಕ್ಕೆ 99,990 ಡಾಲರ್. ರೇಂಜ್ ಕ್ರಮವಾಗಿ 340 ಮತ್ತು 320 ಮೈಲಿ, ಎಳೆಯುವುದು 11,000 ಪೌಂಡ್, ಲೋಡ್ 2,500 ಪೌಂಡ್. ಮೊದಮೊದಲು ಬಂದ ಫೌಂಡೇಶನ್ ಸೀರೀಸ್‌ಗೆ ಇದರ ಮೇಲೆ ಇನ್ನೂ 20,000 ಡಾಲರ್. ಗಾಡಿ ಬಂದದ್ದು ನಿಜ, ಓಡುವುದೂ ನಿಜ. ಆದರೆ 2019ರಲ್ಲಿ 100 ಡಾಲರ್ ಕಟ್ಟಿದವರು ಬುಕ್ ಮಾಡಿದ್ದು ಈ ಗಾಡಿಯನ್ನಲ್ಲ.

ಇಲ್ಲಿನ ಉದಾಹರಣೆಗಳು ಬಹುತೇಕ ಅಮೆರಿಕದವು. ದೊಡ್ಡ ಪಿಕಪ್ ಅಲ್ಲಿಯ ಸರಕು, ದೊಡ್ಡ ಮಾತೂ ಅಲ್ಲಿಯದೇ. ಅಲ್ಲಿ ನೆಲೆಸಿ ಬುಕಿಂಗ್ ಪುಟದ ಮುಂದೆ ಕೂತಿರುವ ಕನ್ನಡಿಗರಿಗೂ, ಇಲ್ಲಿಂದಲೇ ಆ ಕಂಪನಿಗಳ ಷೇರಿಗೆ ಕೈ ಹಾಕುವವರಿಗೂ ಲೆಕ್ಕ ಒಂದೇ.

ಮೊದಲ ಪ್ರಶ್ನೆ: ಬ್ಯಾಟರಿ ಎಷ್ಟು ಯೂನಿಟ್?

ಬ್ಯಾಟರಿಯ ಗಾತ್ರವನ್ನು ಕಂಪನಿಗಳು ಕಿಲೋವ್ಯಾಟ್-ಅವರ್ ಎಂದು ಬರೆಯುತ್ತವೆ. ನಮ್ಮ ಕರೆಂಟ್ ಬಿಲ್ಲಿನ ಯೂನಿಟ್ ಅಂದರೆ ಅದೇ, ಆದ್ದರಿಂದ ಇಲ್ಲಿ ಯೂನಿಟ್ ಎಂದೇ ಕರೆಯೋಣ. ರೇಂಜ್ ಹೇಳಿ ಯೂನಿಟ್ ಹೇಳದ ಪ್ರಕಟಣೆಯನ್ನು ಅಲ್ಲಿಗೇ ಬದಿಗಿಡಬಹುದು. 2019ರ ಸೈಬರ್‌ಟ್ರಕ್ ಅನಾವರಣದಲ್ಲಿ ಬ್ಯಾಟರಿ ಎಷ್ಟು ದೊಡ್ಡದು ಎಂದು ಹೇಳಿರಲೇ ಇಲ್ಲ.

ಯೂನಿಟ್ ಸಿಕ್ಕ ಮೇಲೆ ರೇಂಜನ್ನು ಅದರಿಂದ ಭಾಗಿಸಿ. ನಿಜವಾಗಿ ರಸ್ತೆಗೆ ಬಂದ ಗಾಡಿಗಳಲ್ಲಿ ಇದು ಎಷ್ಟಿದೆ ನೋಡಿ:

ಫೋರ್ಡ್ ಎಫ್-150 ಲೈಟ್ನಿಂಗ್, ದೊಡ್ಡ ಬ್ಯಾಟರಿ: 131 ಯೂನಿಟ್, 320 ಮೈಲಿ. ಯೂನಿಟ್‌ಗೆ 2.4 ಮೈಲಿ.
ಸೈಬರ್‌ಟ್ರಕ್, ಎರಡು ಮೋಟಾರ್: 123 ಯೂನಿಟ್, 325 ಮೈಲಿ (ಕಂಪನಿ ಮೊದಲು 340 ಎಂದಿತ್ತು). ಯೂನಿಟ್‌ಗೆ 2.6.
ಶೆವ್ರೊಲೆ ಸಿಲ್ವರಾಡೊ ಇವಿ, 450 ಮೈಲಿಯ ವರ್ಕ್ ಟ್ರಕ್: ಸುಮಾರು 205 ಯೂನಿಟ್. ಯೂನಿಟ್‌ಗೆ 2.2.
ಜಿಎಂಸಿ ಹಮ್ಮರ್ ಇವಿ, ಮೊದಲ ಆವೃತ್ತಿ: 200ಕ್ಕೂ ಹೆಚ್ಚು ಯೂನಿಟ್, 329 ಮೈಲಿ. ಯೂನಿಟ್‌ಗೆ ಹೆಚ್ಚೆಂದರೆ 1.6.

ಅಂದರೆ ಹಮ್ಮರ್ ಬಿಟ್ಟರೆ ದೊಡ್ಡ ಪಿಕಪ್ ಯೂನಿಟ್‌ಗೆ 2ರಿಂದ 2.6 ಮೈಲಿ ಕೊಡುತ್ತದೆ. ಕಿಲೋಮೀಟರಿನಲ್ಲಿ 3.2ರಿಂದ 4.2. ಯಾರಾದರೂ 3 ಮೈಲಿ ದಾಟಿಸಿದರೆ ಒಂದೋ ಗಾಡಿ ಸಣ್ಣದು, ಇಲ್ಲವೇ ಅಂಕಿ ತಪ್ಪು. 123 ಯೂನಿಟ್ ಬ್ಯಾಟರಿಯಲ್ಲಿ 500 ಮೈಲಿ ಹೋಗಬೇಕಾದರೆ ಯೂನಿಟ್‌ಗೆ 4 ಮೈಲಿಗೂ ಹೆಚ್ಚು ಬೇಕು. ನೆಲಕ್ಕಂಟಿಕೊಂಡು ನುಣುಪಾಗಿ ಸಾಗುವ ಮಾಡೆಲ್ 3 ಕಾರು ಕೊಡುವ ಮೈಲೇಜ್ ಅದು. ಮೂರು ಟನ್ನಿನ ಸ್ಟೀಲ್ ಪೆಟ್ಟಿಗೆಯಿಂದ ಅದನ್ನು ನಿರೀಕ್ಷಿಸುವಂತಿಲ್ಲ.

ಕೊರತೆ ತುಂಬಲು ಟೆಸ್ಲಾ ಹೆಚ್ಚುವರಿ ಬ್ಯಾಟರಿಯ ಮಾತಾಡಿತು: ಹಿಂದಿನ ತೊಟ್ಟಿಯ ಸುಮಾರು ಮೂರನೇ ಒಂದು ಭಾಗ ನುಂಗುವ ರೇಂಜ್ ಎಕ್ಸ್‌ಟೆಂಡರ್, ಬೆಲೆ 16,000 ಡಾಲರ್. ಮೊದಲು 470 ಮೈಲಿ ಎಂದರು, ಆಮೇಲೆ 445 ಎಂದರು, 2025ರಲ್ಲಿ ಯೋಜನೆಯನ್ನೇ ಕೈಬಿಟ್ಟು ಅಡ್ವಾನ್ಸ್ ವಾಪಸ್ ಕೊಟ್ಟರು.

ಇನ್ನೊಂದು ಪರೀಕ್ಷೆ ತೂಕದ್ದು. ಇವತ್ತಿನ ಪಿಕಪ್ ಬ್ಯಾಟರಿ ಪ್ಯಾಕ್ ಯೂನಿಟ್‌ಗೆ 6ರಿಂದ 6.5 ಕೆ.ಜಿ. ತೂಗುತ್ತದೆ. 500 ಮೈಲಿಗೆ ಬೇಕಾದ 200 ಯೂನಿಟ್ ಅಂದರೆ 1,200–1,300 ಕೆ.ಜಿ., ಒಂದು ಆಲ್ಟೊ ಕಾರಿಗಿಂತ ಹೆಚ್ಚು. ಹಮ್ಮರ್ 4,100 ಕೆ.ಜಿ. ಮುಟ್ಟಲು ಮುಖ್ಯ ಕಾರಣವೇ ಇದು. 500 ಮೈಲಿ ರೇಂಜ್, ಕಡಿಮೆ ಬೆಲೆ, ಭಾರಿ ಲೋಡ್ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ, ಮೂರರಲ್ಲಿ ಯಾವುದು ಬಿದ್ದುಹೋಗುತ್ತದೆ ಎಂಬ ಪ್ರಶ್ನೆಯಷ್ಟೇ ಉಳಿದಿರುತ್ತದೆ.

ಭಾಗಾಕಾರ ಪಾಸಾದರೆ ಗಾಡಿ ಪಾಸಾಯಿತು ಎಂದಲ್ಲ. ಲಾರ್ಡ್ಸ್‌ಟೌನ್ ಕಂಪನಿಯ ಎಂಡ್ಯೂರೆನ್ಸ್ ಪಿಕಪ್‌ಗೆ 109 ಯೂನಿಟ್, 250 ಮೈಲಿ ಎಂದಿದ್ದರು. ಯೂನಿಟ್‌ಗೆ 2.3, ಕೇಳಲು ಸರಿಯಾಗಿಯೇ ಇದೆ. ಸರ್ಕಾರಿ ಪರೀಕ್ಷೆಯಲ್ಲಿ ಬಂದದ್ದು 174 ಮೈಲಿ. ನಾಲ್ಕು ಚಕ್ರದ ಒಳಗೇ ನಾಲ್ಕು ಮೋಟಾರ್ ಕೂರಿಸಿದ್ದು ಅದರ ಹೆಗ್ಗಳಿಕೆಯಾಗಿತ್ತು. ಹಾಗೆ ಕೂರಿಸಿದ ತೂಕ ಸ್ಪ್ರಿಂಗಿನ ಕೆಳಗೆ ಬರುತ್ತದೆ, ಹಳ್ಳ-ದಿಣ್ಣೆಯ ಪೆಟ್ಟೆಲ್ಲ ನೇರ ಮೋಟಾರಿಗೇ ಬೀಳುತ್ತದೆ. ದೊಡ್ಡ ಕಂಪನಿಗಳು ಪಿಕಪ್‌ಗೆ ಈ ದಾರಿ ಹಿಡಿಯದೇ ಇದ್ದುದಕ್ಕೆ ಕಾರಣ ಇತ್ತು. 2021ರ ಏಪ್ರಿಲ್‌ನಲ್ಲಿ ಮೆಕ್ಸಿಕೊದ ಸ್ಯಾನ್ ಫೆಲಿಪೆ ಮರುಭೂಮಿ ರೇಸಿಗೆ ಇದನ್ನು ಇಳಿಸಿ, ಸುಮಾರು 40 ಮೈಲಿಗೆ ವಾಪಸ್ ಕರೆದುಕೊಂಡರು.

ಹೆದ್ದಾರಿ ವೇಗಕ್ಕೆ ನೀವೇ ಹಾಕುವ ಲೆಕ್ಕ

ಅಮೆರಿಕದ ಇಪಿಎ (ಪರಿಸರ ಸಂರಕ್ಷಣಾ ಸಂಸ್ಥೆ) ರೇಂಜ್ ಸಹಿ ಇರುವ ಅಂಕಿ, ಆದರೆ ಅದು ಯಾವುದರ ಅಂಕಿ ಎಂದು ತಿಳಿದಿರಬೇಕು. ಗಾಡಿಯನ್ನು ರೋಲರ್ ಮೇಲೆ ನಿಲ್ಲಿಸಿ, ನಗರ ಮತ್ತು ಹೆದ್ದಾರಿಯ ಚಾಲನಾ ಕ್ರಮವನ್ನು ಬ್ಯಾಟರಿ ಮುಗಿಯುವವರೆಗೆ ಓಡಿಸುತ್ತಾರೆ. ಬಂದ ದೂರವನ್ನು ಸಾಮಾನ್ಯವಾಗಿ 0.7ರಿಂದ ಗುಣಿಸುತ್ತಾರೆ. ಆ ಹೆದ್ದಾರಿ ಕ್ರಮದ ಸರಾಸರಿ ವೇಗ ಗಂಟೆಗೆ 48 ಮೈಲಿ, ಸುಮಾರು 77 ಕಿ.ಮೀ. ಟೆಕ್ಸಾಸಿನ ಹೆದ್ದಾರಿಯಲ್ಲಿ ಆ ವೇಗಕ್ಕೆ ಹೋದರೆ ಹಿಂದಿನಿಂದ ಹಾರ್ನ್ ಬೀಳುತ್ತದೆ.

110 ಕಿ.ಮೀ. ವೇಗದಲ್ಲಿ ಗಾಡಿಯನ್ನು ಹಿಂದಕ್ಕೆ ಎಳೆಯುವುದು ಎರಡು ಬಲ. ಒಂದು ಗಾಳಿ: 0.6 × ಗಾಳಿ ತಡೆಯ ಗುಣಾಂಕ × ಮುಖದ ವಿಸ್ತೀರ್ಣ × ವೇಗದ ವರ್ಗ. ಸಾಧಾರಣ ದೊಡ್ಡ ಪಿಕಪ್‌ಗೆ ಗುಣಾಂಕ 0.42, ವಿಸ್ತೀರ್ಣ 3.3 ಚದರ ಮೀಟರ್ ಹಿಡಿಯಿರಿ. 110 ಕಿ.ಮೀ. ಅಂದರೆ ಸೆಕೆಂಡಿಗೆ 30.6 ಮೀಟರ್. ಉತ್ತರ ಸುಮಾರು 780 ನ್ಯೂಟನ್. ಎರಡನೆಯದು ಟೈರ್: ಗಾಡಿ ತೂಕದ ನೂರನೇ ಒಂದು ಭಾಗ, 3,000 ಕೆ.ಜಿ. ಗಾಡಿಗೆ ಸುಮಾರು 300 ನ್ಯೂಟನ್. ಒಟ್ಟು 1,080.

ನ್ಯೂಟನ್ನನ್ನು 3,600ರಿಂದ ಭಾಗಿಸಿದರೆ ಕಿಲೋಮೀಟರಿಗೆ ಎಷ್ಟು ಯೂನಿಟ್ ಎಂದು ನೇರ ಬರುತ್ತದೆ. 1,080ಕ್ಕೆ 0.30. ಮೋಟಾರ್, ಗೇರ್, ಇನ್ವರ್ಟರಿನಲ್ಲಿ ಸೋರುವುದಕ್ಕೆ 0.88ರಿಂದ ಭಾಗಿಸಿ: 0.34. ಎಸಿ, ಲೈಟು, ಪರದೆ ಸೇರಿ 0.35. ಈಗ 131 ಯೂನಿಟ್ ಬ್ಯಾಟರಿಯನ್ನು ಅದರಿಂದ ಭಾಗಿಸಿ: ಸುಮಾರು 375 ಕಿ.ಮೀ., ಅಂದರೆ 233 ಮೈಲಿ. ಚೀಟಿಯಲ್ಲಿ 320 ಇದ್ದದ್ದು ಹೆದ್ದಾರಿಗೆ ಬಂದಾಗ ಇಷ್ಟಾಯಿತು. ದೂರ ಪ್ರಯಾಣದಲ್ಲಿ 80 ಪರ್ಸೆಂಟಿನಿಂದ 10ರವರೆಗೆ ಮಾತ್ರ ಬಳಸುತ್ತೀರಿ ಎಂದಾದರೆ, ಒಂದು ಚಾರ್ಜರಿನಿಂದ ಇನ್ನೊಂದಕ್ಕೆ 262 ಕಿ.ಮೀ. ಇದರಲ್ಲಿ ಯಾರ ಮೋಸವೂ ಇಲ್ಲ. ಗಾಳಿಯ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಪಿಕಪ್ಪಿಗೆ ಮುಖ ದೊಡ್ಡದು, ಅಷ್ಟೇ.

ಚಳಿಗಾಲಕ್ಕೆ ಇದರಲ್ಲಿ ಐದನೇ ಒಂದರಿಂದ ಮೂರನೇ ಒಂದು ಭಾಗ ಕಳೆಯಿರಿ. ಹೀಟರ್ ಒಂದೇ ಕಾರಣವಲ್ಲ. ಮೈನಸ್ 10 ಡಿಗ್ರಿಯಲ್ಲಿ ಗಾಳಿಯೇ ಹತ್ತು ಪರ್ಸೆಂಟಿಗಿಂತ ಹೆಚ್ಚು ದಟ್ಟವಾಗಿರುತ್ತದೆ, ಟೈರ್ ಗಡುಸಾಗಿರುತ್ತದೆ, ತಣ್ಣಗಾದ ಬ್ಯಾಟರಿ ಬ್ರೇಕಿನ ಕರೆಂಟನ್ನು ಪೂರ್ತಿ ವಾಪಸ್ ತೆಗೆದುಕೊಳ್ಳುವುದಿಲ್ಲ.

ಎಳೆಯುವ ಶಕ್ತಿ: ರೈಲು ಎಳೆದರೂ ಮರುಳಾಗಬೇಡಿ

ಅತಿ ಹೆಚ್ಚು ಕಣ್ಣಿಗೆ ಮಣ್ಣೆರಚುವುದು ಇಲ್ಲೇ. 2019ರ ಜುಲೈನಲ್ಲಿ ಫೋರ್ಡ್ ಒಂದು ವಿಡಿಯೋ ಬಿಟ್ಟಿತು. ಎಲೆಕ್ಟ್ರಿಕ್ ಎಫ್-150 ಮಾದರಿ ಗಾಡಿ, 42 ಪಿಕಪ್‌ಗಳನ್ನು ತುಂಬಿದ ಹತ್ತು ರೈಲು ಡಬ್ಬಿಗಳನ್ನು ಎಳೆಯುತ್ತದೆ. ಒಟ್ಟು ತೂಕ 10 ಲಕ್ಷ ಪೌಂಡ್ ಮೀರಿತ್ತು. ಎಳೆದದ್ದು ನಿಜ. ಹಾಗೆ ಎಳೆಯಲು ಎಷ್ಟು ಬಲ ಬೇಕು ಎಂದು ಲೆಕ್ಕ ಹಾಕಿ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳುವಾಗ ತಡೆ ತೂಕದ ಸಾವಿರದಲ್ಲಿ ಒಂದೂವರೆ ಪಾಲಿನಷ್ಟು. 10 ಲಕ್ಷ ಪೌಂಡ್, ಅಂದರೆ 4,53,600 ಕೆ.ಜಿ.ಗೆ ಅದು ಸುಮಾರು 6,700 ನ್ಯೂಟನ್.

ಈಗ 4,500 ಕೆ.ಜಿ.ಯ (ಸುಮಾರು 10,000 ಪೌಂಡ್) ಟ್ರೇಲರ್ ಕಟ್ಟಿಕೊಂಡು 6 ಪರ್ಸೆಂಟ್ ಏರಿನ ಘಾಟಿಯನ್ನು 90 ಕಿ.ಮೀ. ವೇಗದಲ್ಲಿ ಹತ್ತಿ. ಗಾಡಿ, ಟ್ರೇಲರ್ ಸೇರಿ 7,500 ಕೆ.ಜಿ. ಏರಿಗೆ 4,400 ನ್ಯೂಟನ್, ಟೈರಿಗೆ 740, ಗಾಳಿಗೆ 1,100. ಒಟ್ಟು 6,200ರ ಮೇಲೆ. ರೈಲಿಗೆ ಬೇಕಾದಷ್ಟೇ ಬಲ! ರೈಲನ್ನು ನಡಿಗೆಯ ವೇಗದಲ್ಲಿ ಸಾವಿರ ಅಡಿ ಎಳೆದರೆ ಮುಗಿಯಿತು. ಘಾಟಿಯಲ್ಲಿ ಅದೇ ಬಲವನ್ನು 90 ಕಿ.ಮೀ. ವೇಗದಲ್ಲಿ ಹತ್ತು ನಿಮಿಷ ಬಿಡದೆ ಕೊಡಬೇಕು. ಬ್ಯಾಟರಿಯಿಂದ ಸತತ 175 ಕಿಲೋವ್ಯಾಟ್, 15 ಕಿ.ಮೀ.ಗೆ 30 ಯೂನಿಟ್ ಖಾಲಿ. ಇಲ್ಲಿ ಗಾಡಿಯನ್ನು ಕೆಡವುವುದು ಕಾವು. ಮೋಟಾರ್ ಮತ್ತು ಬ್ಯಾಟರಿ ಬಿಸಿಯೇರಿ ಶಕ್ತಿ ತಾನಾಗಿ ಇಳಿಯುತ್ತದೆ. ಕ್ಷಣಮಾತ್ರದ ಟಾರ್ಕ್ ಎಲೆಕ್ಟ್ರಿಕ್ ಮೋಟಾರಿಗೆ ಹುಟ್ಟುಗುಣ, ಅದನ್ನು ತೋರಿಸುವುದು ಸಾಧನೆಯಲ್ಲ.

ಆದ್ದರಿಂದ ಕೇಳಬೇಕಾದ ಪ್ರಶ್ನೆ ಒಂದೇ: ಎಳೆಯುವ ಅಂಕಿ ಎಸ್‌ಎಇ (ವಾಹನ ಎಂಜಿನಿಯರುಗಳ ಸಂಘ) ಜೆ 2807 ಮಾನದಂಡದ್ದೋ, ಕಂಪನಿಯ ಸ್ವಂತದ್ದೋ? ಆ ಮಾನದಂಡದಲ್ಲಿ ಅರಿಜೋನಾದ ಡೇವಿಸ್ ಡ್ಯಾಮ್ ಏರು ಸೇರಿದೆ. 11.4 ಮೈಲಿ ಉದ್ದ, ಹೊರಗೆ 100 ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು, ಒಳಗೆ ಎಸಿ ಪೂರ್ತಿ ಹಾಕಿಕೊಂಡು, ನಿಗದಿತ ಕನಿಷ್ಠ ವೇಗ ಬಿಡದೆ ಹತ್ತಬೇಕು. ಅನಾವರಣದ ದಿನ ಈ ಪ್ರಶ್ನೆಗೆ ಉತ್ತರ ಸಿಗುವುದು ಅಪರೂಪ.

ಎಳೆದರೆ ರೇಂಜ್ ಏನಾಗುತ್ತದೆ? ಪೆಟ್ಟಿಗೆಯಂಥ ಎತ್ತರದ ಟ್ರೇಲರಿಗೆ ಗಾಳಿಯ ಲೆಕ್ಕದಲ್ಲಿ ಗುಣಾಂಕ-ವಿಸ್ತೀರ್ಣದ ಗುಣಲಬ್ಧ 1.4ರಿಂದ 3ಕ್ಕೆ ಏರುತ್ತದೆ. 90 ಕಿ.ಮೀ. ವೇಗದಲ್ಲಿ, 3,000 ಕೆ.ಜಿ. ಟ್ರೇಲರ್ ಹಿಂದಿದ್ದರೆ, ಸಮತಟ್ಟಿನಲ್ಲೇ ಕಿಲೋಮೀಟರಿಗೆ ಸುಮಾರು 0.54 ಯೂನಿಟ್. 131 ಯೂನಿಟ್‌ಗೆ 240 ಕಿ.ಮೀ., 150 ಮೈಲಿ. ಚೀಟಿಯ ರೇಂಜಿನ ಅರ್ಧಕ್ಕೂ ಕಡಿಮೆ. ತಗ್ಗಿನ ಟ್ರೇಲರಿಗೆ ದೋಣಿ ಕಟ್ಟಿ ಎಳೆದರೆ ಇಷ್ಟು ಕೆಡುವುದಿಲ್ಲ. ತೂಕಕ್ಕಿಂತ ಟ್ರೇಲರಿನ ಎತ್ತರವೇ ರೇಂಜನ್ನು ತಿನ್ನುವುದು. ಇನ್ನೊಂದು ತಾಪತ್ರಯ: ಬಹಳಷ್ಟು ಚಾರ್ಜಿಂಗ್ ನಿಲ್ದಾಣಗಳಲ್ಲಿ ಟ್ರೇಲರ್ ಸಮೇತ ಒಳಗೆ ನುಗ್ಗಲು ಜಾಗವಿಲ್ಲ. ಬಿಚ್ಚಿಟ್ಟು, ಚಾರ್ಜ್ ಮಾಡಿ, ಮತ್ತೆ ಕಟ್ಟಬೇಕು.

ಲೋಡಿನ ವಿಷಯ ಬಹುತೇಕರು ತಪ್ಪು ತಿಳಿಯುವುದು. ಎಳೆಯುವ ಶಕ್ತಿ, ಹೊರುವ ಶಕ್ತಿ ಎರಡನ್ನೂ ಪೂರ್ತಿಯಾಗಿ ಒಟ್ಟಿಗೆ ಬಳಸಲಾಗದು. ಟ್ರೇಲರ್ ತೂಕದ 10ರಿಂದ 15 ಪರ್ಸೆಂಟ್ ಕೊಂಡಿಯ ಮೇಲೆ ಕೂರುತ್ತದೆ, ಅದು ಲೋಡಿನ ಲೆಕ್ಕಕ್ಕೇ ಸೇರುತ್ತದೆ. ಸೈಬರ್‌ಟ್ರಕ್‌ಗೆ 11,000 ಪೌಂಡ್ ಟ್ರೇಲರ್ ಕಟ್ಟಿದರೆ ಕನಿಷ್ಠ 1,100 ಪೌಂಡ್ ಅಲ್ಲಿಗೇ ಹೋಯಿತು. 2,500ರಲ್ಲಿ ಉಳಿದದ್ದು 1,400. ಐದು ಜನ ದೊಡ್ಡವರು ಕೂತರೆ 850ರಿಂದ 900 ಪೌಂಡ್. ತೊಟ್ಟಿಯಲ್ಲಿ ಹಾಕಲು 500 ಪೌಂಡ್, ಅಂದರೆ ನಾಲ್ಕೂವರೆ ಮೂಟೆ ಸಿಮೆಂಟು.

ಚಾರ್ಜಿಂಗ್

ಇಲ್ಲಿ ಸಮಯವನ್ನು ಕಿಲೋವ್ಯಾಟ್‌ಗೆ ತಿರುಗಿಸಿದರೆ ಸಾಕು. "10 ನಿಮಿಷದಲ್ಲಿ 300 ಮೈಲಿ" ಎಂದರೆ 125 ಯೂನಿಟ್, ಆರರಿಂದ ಗುಣಿಸಿದರೆ 750 ಕಿಲೋವ್ಯಾಟ್. ಅಮೆರಿಕದ ಹೆದ್ದಾರಿಯ ವೇಗದ ಚಾರ್ಜರುಗಳು 150, 250, 350ರ ಸುತ್ತ ಇವೆ. "ಗರಿಷ್ಠ 350 ಕಿಲೋವ್ಯಾಟ್" ಎಂಬುದೂ ಮೊದಲ ಕೆಲವು ನಿಮಿಷದ ಮಾತು. 10ರಿಂದ 80 ಪರ್ಸೆಂಟಿಗೆ ಎಷ್ಟು ನಿಮಿಷ ಎಂದು ಕೇಳಿ, ಸರಾಸರಿ ತೆಗೆಯಿರಿ. ಲೈಟ್ನಿಂಗ್‌ಗೆ ಫೋರ್ಡ್ ಕೊಟ್ಟ ಅಂಕಿ 15ರಿಂದ 80ಕ್ಕೆ 41 ನಿಮಿಷ. 85 ಯೂನಿಟ್‌ಗೆ 41 ನಿಮಿಷ, ಸರಾಸರಿ 125 ಕಿಲೋವ್ಯಾಟ್. ನಿಧಾನ, ಆದರೆ ನಂಬಬಹುದಾದದ್ದು.

ಮನೆಯಲ್ಲಿ: 240 ವೋಲ್ಟ್, 60 ಆಂಪಿಯರ್ ಬ್ರೇಕರ್ ಹಾಕಿಸಿದರೆ ಸತತವಾಗಿ ಎಳೆಯಬಹುದಾದದ್ದು ಅದರ 80 ಪರ್ಸೆಂಟ್, 48 ಆಂಪಿಯರ್, 11.5 ಕಿಲೋವ್ಯಾಟ್. 200 ಯೂನಿಟ್ ಗಾಡಿಯನ್ನು 10ರಿಂದ 80ಕ್ಕೆ ತರಲು 12 ಗಂಟೆ ಮೀರುತ್ತದೆ. ಗ್ಯಾರೇಜಿನ ಮಾಮೂಲಿ 120 ವೋಲ್ಟ್ ಸಾಕೆಟ್ಟಿನಲ್ಲಿ ಇದು ನಾಲ್ಕು ದಿನ ಹಿಡಿಯುವ ಕೆಲಸ. ಗಾಡಿಯ ಬೆಲೆಗೆ ಎಲೆಕ್ಟ್ರಿಷಿಯನ್ ಖರ್ಚನ್ನೂ ಸೇರಿಸಿಕೊಳ್ಳಿ.

ವಿಡಿಯೋ ನೋಡುವ ಕ್ರಮ

ನಿಕೋಲಾ ಕಂಪನಿ 2018ರ ಜನವರಿಯಲ್ಲಿ ತನ್ನ ಲಾರಿ "ಚಲಿಸುತ್ತಿರುವ" ವಿಡಿಯೋ ಹಾಕಿತು. ಲಾರಿಯನ್ನು ಇಳಿಜಾರಿನ ತುದಿಗೆ ಎಳೆದು ತಂದು ಉರುಳಿಬಿಟ್ಟಿದ್ದರು ಎಂಬುದು 2020ರ ಸೆಪ್ಟೆಂಬರಿನಲ್ಲಿ ಹಿಂಡೆನ್‌ಬರ್ಗ್ ಎಂಬ ಷೇರು ಸಂಶೋಧನಾ ಸಂಸ್ಥೆಯ ವರದಿಯಿಂದ ಬಯಲಾಯಿತು. ಅದೇ ವರ್ಷ ನಿಕೋಲಾದವರು ತೋರಿಸಿದ್ದ ಬ್ಯಾಜರ್ ಎಂಬ ಪಿಕಪ್‌ಗೆ ಬ್ಯಾಟರಿ ಮತ್ತು ಹೈಡ್ರೋಜನ್ ಸೇರಿ 600 ಮೈಲಿ ಎಂದಿದ್ದರು. ವರ್ಷ ಮುಗಿಯುವುದರೊಳಗೆ ಬ್ಯಾಜರ್ ರದ್ದಾಯಿತು, ಅಡ್ವಾನ್ಸ್ ವಾಪಸ್ ಬಂತು. ಸ್ಥಾಪಕ ಟ್ರೆವರ್ ಮಿಲ್ಟನ್‌ರನ್ನು 2022ರಲ್ಲಿ ನ್ಯಾಯಾಲಯ ವಂಚನೆಯ ಅಪರಾಧಿ ಎಂದಿತು. 2025ರಲ್ಲಿ ಅಧ್ಯಕ್ಷರ ಕ್ಷಮಾದಾನ ಸಿಕ್ಕಿತು. ಕಂಪನಿ ಅದೇ ವರ್ಷದ ಫೆಬ್ರವರಿಯಲ್ಲಿ ದಿವಾಳಿಗೆ ಅರ್ಜಿ ಹಾಕಿತ್ತು.

ವಿಡಿಯೋ ನೋಡುವಾಗ ಗಮನಿಸಿ: ನಿಂತಲ್ಲಿಂದ ಹೊರಡುವುದು ಕಾಣುತ್ತದೆಯೇ? ಕಟ್ ಇಲ್ಲದೆ ಒಂದೇ ಶಾಟ್ ಎಷ್ಟು ಸೆಕೆಂಡು? ಏರು ಹತ್ತುತ್ತದೆಯೇ? ಹಿನ್ನೆಲೆಯ ದಿಗಂತ ಓರೆಯಾಗಿದೆಯೇ? ಸ್ಪರ್ಧೆಯಾದರೆ ದೂರವನ್ನು ಅಳೆಯಿರಿ. 2023ರಲ್ಲಿ ಸೈಬರ್‌ಟ್ರಕ್ ಒಂದು ಪೋರ್ಶೆ 911 ಕಾರನ್ನು ಹಿಂದೆ ಕಟ್ಟಿಕೊಂಡು ಇನ್ನೊಂದು 911ನ್ನು ಕಾಲು ಮೈಲಿ ಓಟದಲ್ಲಿ ಸೋಲಿಸಿತು ಎಂದು ತೋರಿಸಿದರು. ವಿಡಿಯೋದ ಗೆರೆಗಳನ್ನು ಎಣಿಸಿದವರಿಗೆ ಓಟ ಮೈಲಿಯ ಎಂಟನೇ ಒಂದು ಭಾಗಕ್ಕೇ ಮುಗಿದದ್ದು ಕಂಡಿತು. ಎಲೆಕ್ಟ್ರಿಕ್ ಗಾಡಿ ಮೊದಲ ಚಿಮ್ಮಿನಲ್ಲಿ ಮುಂದೆ ಹೋಗುತ್ತದೆ, ದೂರ ಹೆಚ್ಚಿದಂತೆ ಸ್ಪೋರ್ಟ್ಸ್ ಕಾರು ಹಿಡಿಯುತ್ತದೆ. ಎಲ್ಲಿ ನಿಲ್ಲಿಸಬೇಕು ಎಂಬುದು ವಿಡಿಯೋ ಮಾಡಿದವರ ಕೈಯಲ್ಲಿತ್ತು.

ಬೆಲೆ ಮತ್ತು ಅಡ್ವಾನ್ಸ್

ಆರಂಭಿಕ ಬೆಲೆ 40,000 ಡಾಲರಿನ ಕೆಳಗೆ ಇರಬೇಕೆಂಬುದು ಈ ಧಂದೆಯ ಶಾಸ್ತ್ರವೇ ಆಗಿಬಿಟ್ಟಿತ್ತು. ಸೈಬರ್‌ಟ್ರಕ್ 39,900, ಲೈಟ್ನಿಂಗ್ 39,974, ಸಿಲ್ವರಾಡೊ 39,900. ಲೈಟ್ನಿಂಗ್ ನಿಜವಾಗಿ ಆ ಬೆಲೆಗೆ 2022ರಲ್ಲಿ ಮಾರಾಟಕ್ಕೆ ಬಂತು, ಆದರೆ 2023ರ ಮಾರ್ಚ್ ಹೊತ್ತಿಗೆ 59,974 ಮುಟ್ಟಿ, ಜುಲೈನಲ್ಲಿ 49,995ಕ್ಕೆ ಇಳಿಯಿತು. ಸಿಲ್ವರಾಡೊದ ಮೊದಲ ವರ್ಕ್ ಟ್ರಕ್‌ಗಳು ಬಂದದ್ದು 70,000 ದಾಟಿ. ಒಂದು ಸರಳ ಕ್ರಮ: ಅನಾವರಣದ ದಿನ ಹೇಳಿದ ಅಗ್ಗದ ಆವೃತ್ತಿ ಮೊದಲ ವರ್ಷ ಸಿಗುವುದಿಲ್ಲ ಎಂದೇ ಬರೆದುಕೊಳ್ಳಿ. ನಿಮಗೆ ಬೇಕಾದ ರೇಂಜ್ ಇರುವ ಆವೃತ್ತಿಗೆ ಒಂದೂವರೆ ಪಟ್ಟು ಹಿಡಿಯಿರಿ. ಅದು ಕೈಗೆಟುಕದಿದ್ದರೆ ಬುಕಿಂಗ್ ಬೇಡ.

ಬೆಲೆಯ ಪಕ್ಕ ನಕ್ಷತ್ರದ ಗುರುತಿದ್ದರೆ ಕೆಳಗಿನ ಸಣ್ಣಕ್ಷರ ಓದಿ. ಸ್ಲೇಟ್ ಎಂಬ ಹೊಸ ಕಂಪನಿ 2025ರ ಏಪ್ರಿಲ್‌ನಲ್ಲಿ 20,000 ಡಾಲರಿನೊಳಗೆ ಪುಟ್ಟ ಪಿಕಪ್ ಎಂದಿತು. ಅದರಲ್ಲಿ 7,500 ಡಾಲರ್ ಕೇಂದ್ರ ಸರ್ಕಾರದ ತೆರಿಗೆ ರಿಯಾಯಿತಿಯ ಲೆಕ್ಕ. ಆ ರಿಯಾಯಿತಿ 2025ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು, ಬೆಲೆ 25,000ದ ಆಸುಪಾಸಿಗೆ ಹೋಯಿತು. ಉಳಿದಂತೆ ಸ್ಲೇಟ್‌ನ ಅಂಕಿಗಳು ಲೆಕ್ಕಕ್ಕೆ ಕೂರುತ್ತವೆ: 52.7 ಯೂನಿಟ್‌ಗೆ 150 ಮೈಲಿ, 84.3ಕ್ಕೆ 240. ಯೂನಿಟ್‌ಗೆ 2.85, ಸಣ್ಣ ಹಗುರ ಗಾಡಿಗೆ ಸಹಜ. ಎಳೆಯುವುದು ಬರೀ 1,000 ಪೌಂಡ್ ಎಂದು ಒಪ್ಪಿಕೊಂಡಿದ್ದಾರೆ. ಬಣ್ಣ ಇಲ್ಲ, ರೇಡಿಯೋ ಇಲ್ಲ, ಕಿಟಕಿ ಕೈಯಲ್ಲಿ ತಿರುಗಿಸುವುದು. ಏನಿಲ್ಲ ಎಂದು ಹೇಳುವ ಪ್ರಕಟಣೆಯ ಮೇಲೆ ನಮಗೆ ಸ್ವಲ್ಪ ಹೆಚ್ಚು ನಂಬಿಕೆ. ಕಾರ್ಖಾನೆಯಿಂದ ಗಾಡಿ ಹೊರಬರುವುದು ಬೇರೆ ಪರೀಕ್ಷೆ.

ಅಡ್ವಾನ್ಸ್ ಕಟ್ಟುವ ಮುಂಚೆ ಷರತ್ತಿನ ಪುಟದಲ್ಲಿ ಮೂರು ಸಾಲು ಹುಡುಕಿ. ಹಣ ಪೂರ್ತಿ ವಾಪಸ್ಸೇ, ಎಷ್ಟು ದಿನದಲ್ಲಿ? ಅದನ್ನು ಪ್ರತ್ಯೇಕ ಖಾತೆಯಲ್ಲಿ ಇಡುತ್ತಾರೋ, ಕಂಪನಿಯ ಖರ್ಚಿಗೆ ಬಳಸುತ್ತಾರೋ? ಬೆಲೆ ಗಟ್ಟಿಯೋ? ಎರಡನೆಯದಕ್ಕೆ ಉತ್ತರವಿಲ್ಲದಿದ್ದರೆ, ಕಂಪನಿ ಮುಳುಗಿದ ದಿನ ನೀವು ಕಂಪನಿಯಿಂದ ಹಣ ಬರಬೇಕಾದವರ ಸಾಲಿನಲ್ಲಿ ನಿಂತಿರುತ್ತೀರಿ. ಮೂರನೆಯದಕ್ಕೆ ಬಹುತೇಕ ಉತ್ತರ ಇಲ್ಲ ಎಂದೇ. 2022ರ ಮಾರ್ಚ್‌ನಲ್ಲಿ ರಿವಿಯನ್ ಎಂಬ ಎಲೆಕ್ಟ್ರಿಕ್ ಪಿಕಪ್ ಕಂಪನಿ ಆಗಲೇ ಬುಕ್ ಮಾಡಿದವರಿಗೂ ಬೆಲೆ ಏರಿಸಿ, ಗಲಾಟೆಯಾದ ಮೇಲೆ ಹಳೆ ಬುಕಿಂಗ್‌ನವರಿಗೆ ಹಳೆ ಬೆಲೆ ಉಳಿಸಿತು. 100 ಡಾಲರ್ ಬುಕಿಂಗ್ ಕೊಡುವುದು ಕ್ಯೂನಲ್ಲಿ ಒಂದು ಜಾಗ ಮಾತ್ರ.

ಬುಕಿಂಗ್ ಸಂಖ್ಯೆಯನ್ನು ಬೇಡಿಕೆ ಎಂದು ಓದಬೇಡಿ. ಲಾರ್ಡ್ಸ್‌ಟೌನ್ 1 ಲಕ್ಷ ಬುಕಿಂಗ್ ಎಂದಿತ್ತು. ಅವು ಕೊಳ್ಳುವ ಬಾಧ್ಯತೆಯೇ ಇಲ್ಲದವು. ಹೂಡಿಕೆದಾರರಿಗೆ ತಪ್ಪು ಚಿತ್ರ ಕೊಟ್ಟಿದ್ದಕ್ಕೆ 2024ರ ಫೆಬ್ರವರಿಯಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿ ಕ್ರಮ ಜರುಗಿಸಿತು. ಸೈಬರ್‌ಟ್ರಕ್‌ಗೆ 10 ಲಕ್ಷ ಮೀರಿದ ಬುಕಿಂಗ್ ಎಂದಿದ್ದರು. 2025ರ ಮಾರ್ಚ್‌ನಲ್ಲಿ ಅಂಟು ಬಿಟ್ಟು ಕಳಚುವ ಸ್ಟೀಲ್ ಪಟ್ಟಿಗಾಗಿ ರಿಕಾಲ್ ಮಾಡಿದಾಗ (ಗಾಡಿಗಳನ್ನು ದುರಸ್ತಿಗೆ ವಾಪಸ್ ಕರೆದಾಗ), 2023ರ ನವೆಂಬರಿನಿಂದ 2025ರ ಫೆಬ್ರವರಿ ಕೊನೆಯವರೆಗೆ ತಯಾರಾದ ಗಾಡಿಗಳ ಸಂಖ್ಯೆ ಆ ಕಾಗದದಲ್ಲಿ ಬಂತು: 46,096. ಕಂಪನಿ ಬೇರೆಲ್ಲೂ ಬಿಡಿಸಿ ಹೇಳದ ಅಂಕಿ. ತಯಾರಿಕೆಯ ನಿಜ ಸಂಖ್ಯೆ ಬೇಕೆಂದರೆ ರಿಕಾಲ್ ಕಾಗದ ಹುಡುಕಿ. ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆಯ (ಎನ್‌ಎಚ್‌ಟಿಎಸ್‌ಎ) ಜಾಲತಾಣದಲ್ಲಿ ಯಾರು ಬೇಕಾದರೂ ಓದಬಹುದು.

ಕಾಗದಪತ್ರ

ಷೇರುಪೇಟೆಯಲ್ಲಿರುವ ಕಂಪನಿಯಾದರೆ ಎಸ್‌ಇಸಿಯ ಎಡ್ಗರ್ ತಾಣಕ್ಕೆ ಹೋಗಿ ಇತ್ತೀಚಿನ 10-ಕ್ಯೂ ತ್ರೈಮಾಸಿಕ ವರದಿ ತೆರೆಯಿರಿ. ಮೊದಲು "ಗೋಯಿಂಗ್ ಕನ್ಸರ್ನ್" ಎಂಬ ಪದ ಹುಡುಕಿ. ಆ ಪದದ ಹಿಂದೆ-ಮುಂದೆ ಗಣನೀಯ ಸಂಶಯ ಎಂದಿದ್ದರೆ, ಒಂದು ವರ್ಷ ಬಾಳುವಷ್ಟು ಹಣ ಇದೆಯೆಂದು ಕಂಪನಿಗೇ ಖಾತ್ರಿಯಿಲ್ಲ ಎಂದರ್ಥ. ಲಾರ್ಡ್ಸ್‌ಟೌನ್ 2021ರ ಜೂನ್‌ನಲ್ಲಿ ಇದನ್ನು ಬರೆಯಿತು, 2023ರ ಜೂನ್‌ನಲ್ಲಿ ದಿವಾಳಿಯಾಯಿತು. ಎರಡು ವರ್ಷ ಮೊದಲೇ ಎಲ್ಲರ ಕಣ್ಣಮುಂದೆ ಇತ್ತು.

ಆಮೇಲೆ ಕೈಯಲ್ಲಿರುವ ನಗದನ್ನು, ಒಂದು ತ್ರೈಮಾಸಿಕದಲ್ಲಿ ವ್ಯವಹಾರಕ್ಕೂ ಯಂತ್ರೋಪಕರಣಕ್ಕೂ ಖರ್ಚಾದ ನಗದಿನಿಂದ ಭಾಗಿಸಿ. ಆರಕ್ಕಿಂತ ಕಡಿಮೆ ಬಂದರೆ, ಹೇಳಿದ ತಾರೀಕಿಗೆ ಗಾಡಿ ಬರುವ ಮುಂಚೆ ಹೊಸ ಹಣ ಬೇಕು. ಕನೂ, ಫಿಸ್ಕರ್ ಎರಡೂ ಪಿಕಪ್ ತೋರಿಸಿದ್ದವು. ಫಿಸ್ಕರ್ 2024ರಲ್ಲಿ, ಕನೂ 2025ರಲ್ಲಿ ದಿವಾಳಿ.

ದೊಡ್ಡ ಕಂಪನಿಗೆ ಹಣದ ಭಯವಿಲ್ಲ, ಆದರೆ ಕೈಬಿಡುವ ಸ್ವಾತಂತ್ರ್ಯ ಇದೆ. ರ‍್ಯಾಮ್ 1500 ಆರ್‌ಇವಿಗೆ 2023ರಲ್ಲಿ 229 ಯೂನಿಟ್, 500 ಮೈಲಿ ಎಂದರು. ಯೂನಿಟ್‌ಗೆ 2.2, ಲೆಕ್ಕ ಸರಿಯಾಗಿತ್ತು. 2025ರ ಸೆಪ್ಟೆಂಬರಿನಲ್ಲಿ ಪೂರ್ತಿ ಎಲೆಕ್ಟ್ರಿಕ್ ಗಾಡಿಯನ್ನೇ ಕೈಬಿಟ್ಟು, ಪೆಟ್ರೋಲ್ ಜನರೇಟರ್ ಇರುವ ಇನ್ನೊಂದಕ್ಕೆ ಅದೇ ಹೆಸರು ಕೊಟ್ಟರು. ಅದೇ ವರ್ಷದ ಡಿಸೆಂಬರಿನಲ್ಲಿ ಫೋರ್ಡ್ ಕೂಡ ಎಲೆಕ್ಟ್ರಿಕ್ ಲೈಟ್ನಿಂಗ್‌ನ ತಯಾರಿಕೆ ಮುಗಿಸಿ, ಮುಂದಿನದು ಜನರೇಟರ್ ಜೊತೆಗೆ ಬರುತ್ತದೆ ಎಂದಿತು. ಹೊಸ ಗಾಡಿಗೆ ಹಳೆ ಹೆಸರು ಬಂದಾಗ ಬುಕಿಂಗ್ ಪುಟದ ಸ್ಪೆಸಿಫಿಕೇಶನ್ ಮತ್ತೆ ಓದಿ.

ರೇಂಜಿನ ಪಕ್ಕದ ಪದವನ್ನೂ ನೋಡಿ: "ಗುರಿ", "ಕಂಪನಿ ಅಂದಾಜು", "ಇಪಿಎ ಪ್ರಮಾಣಿತ" ಮೂರೂ ಬೇರೆ ಬೇರೆ. ಒಟ್ಟು ತೂಕದ ಮಿತಿ 8,500 ಪೌಂಡ್ ದಾಟಿದ ಗಾಡಿಗೆ ಇಪಿಎ ಚೀಟಿ ಅಂಟಿಸುವ ಕಟ್ಟುಪಾಡಿಲ್ಲ. ಹಮ್ಮರಿನ 329 ಕಂಪನಿಯದೇ ಅಂದಾಜು. ಅಪಘಾತ ಸುರಕ್ಷತೆಯಲ್ಲೂ ಅಮೆರಿಕದಲ್ಲಿ ತಯಾರಕರೇ ಸ್ವಯಂ ಪ್ರಮಾಣೀಕರಿಸುತ್ತಾರೆ. ನಮ್ಮಲ್ಲಿ ಎಆರ್‌ಎಐ, ಐಕ್ಯಾಟ್‌ನಂಥ ವಾಹನ ಪರೀಕ್ಷಾ ಸಂಸ್ಥೆಗಳಲ್ಲಿ ಮಾದರಿ ಪಾಸಾದ ಮೇಲೇ ಮಾರಾಟ.

ಭಾರತದ ಸರಕು ಗಾಡಿಗಳಿಗೂ ಇದೇ ಭಾಗಾಕಾರ ನಡೆಯುತ್ತದೆ. 2022ರಲ್ಲಿ ಬಂದ ಟಾಟಾ ಏಸ್ ಇವಿ: 21.3 ಯೂನಿಟ್, 154 ಕಿ.ಮೀ., 600 ಕೆ.ಜಿ. ಲೋಡ್. ಯೂನಿಟ್‌ಗೆ 7.2 ಕಿ.ಮೀ. ಸಣ್ಣ ಗಾಡಿ, ಊರೊಳಗಿನ ವೇಗ, ಪ್ರಮಾಣಪತ್ರದ ಪರೀಕ್ಷೆ. ಪೀಣ್ಯದಿಂದ ಲೋಡ್ ಹೊತ್ತು ಫ್ಲೈಓವರ್ ಹತ್ತಿಳಿಯುವ ದಿನಕ್ಕೆ ಮುಕ್ಕಾಲು ಭಾಗ ಹಿಡಿದು ಟ್ರಿಪ್ ಲೆಕ್ಕ ಹಾಕಿ.

ಕೊನೆಗೆ ಗಾಡಿ ಬಂದೇ ಬಂತು, ಡೆಲಿವರಿಗೆ ಕರೆದರು ಎನ್ನಿ. ಸಹಿ ಹಾಕುವ ಮುಂಚೆ ಚಾಲಕನ ಬಾಗಿಲು ತೆರೆದು, ಬಾಗಿಲ ಕಂಬಕ್ಕೆ ಅಂಟಿಸಿದ ಹಳದಿ-ಬಿಳಿ ಸ್ಟಿಕ್ಕರ್ ಓದಿ. ಜನರೂ ಸರಕೂ ಸೇರಿ ಇಷ್ಟು ಪೌಂಡ್ ಮೀರಬಾರದು ಎಂಬ ಸಾಲು ಅಲ್ಲಿದೆ. ಅದು ಆ ಮಾದರಿಯ ಅಂಕಿಯಲ್ಲ, ನಿಮ್ಮ ಮುಂದೆ ನಿಂತಿರುವ ಗಾಡಿಯದೇ ಅಂಕಿ. ದೊಡ್ಡ ಚಕ್ರ, ಗಾಜಿನ ಚಾವಣಿ, ದೊಡ್ಡ ಬ್ಯಾಟರಿ ಪ್ರತಿಯೊಂದೂ ಅದರಿಂದ ಕಳೆದಿರುತ್ತದೆ. ನಿಮ್ಮ ಟ್ರೇಲರಿನ ಕೊಂಡಿ ತೂಕ, ಮನೆಯವರ ತೂಕ ಕೂಡಿ ಆ ಅಂಕಿ ದಾಟಿದರೆ ಕೀಲಿ ಅಲ್ಲೇ ವಾಪಸ್ ಕೊಡಿ. ಸಹಿ ಹಾಕಿದ ಮೇಲೆ ಆ ಗಾಡಿ ಹಳೆಯದು.